ಇಳಿಯಲೊಂದು ಪದವು

1935ರ ಅಕ್ಟೋಬರ್ 29. ಮಳೆಗಾಲ ಹಿಂದೆ ಸರಿದು ಕರಾವಳಿಯ ಆಕಾಶ ತಿಳಿಯಾಗುವ ಹೊತ್ತು. ಬೊಂಬಾಯಿಯಿಂದ ತಿರುವನಂತಪುರಕ್ಕೆ ಟಾಟಾ ಕಂಪನಿಯ ಪುಟ್ಟ ವಿಮಾನವೊಂದು ಹೊರಟಿತು. ನಡೆಸುತ್ತಿದ್ದವರು ನೆವಿಲ್ ವಿನ್ಸೆಂಟ್. ವಿಮಾನದ ಹೆಸರು ಫಾಕ್ಸ್ ಮಾತ್. ಎರಡು ಅಂತಸ್ತಿನ ರೆಕ್ಕೆ, ಮರ ಮತ್ತು ಬಟ್ಟೆಯ ಮೈ, ಮೂಗಿನಲ್ಲಿ ಸುಮಾರು 130 ಅಶ್ವಶಕ್ತಿಯ ಒಂದೇ ಒಂದು ಎಂಜಿನ್. ಪ್ರಯಾಣಿಕರು ಮುಂದಿನ ಮುಚ್ಚಿದ ಗೂಡಿನಲ್ಲಿ ಕೂರಬೇಕು. ಪೈಲಟ್ ಅವರ ಹಿಂದೆ, ತಲೆ ಹೊರಗಿಟ್ಟು, ಗಾಳಿಗೆ ಮುಖವೊಡ್ಡಿ ಕೂರಬೇಕು. ದಾರಿಯಲ್ಲಿ ನಿಲುಗಡೆ ಎರಡೇ: ಗೋವಾ ಮತ್ತು ಕಣ್ಣೂರು.

ಆ ಎರಡು ಊರುಗಳ ನಡುವೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾರವಾರ, ಹೊನ್ನಾವರ, ಕುಂದಾಪುರ, ಮಲ್ಪೆ, ಮಂಗಳೂರು, ಕಾಸರಗೋಡು, ಅಂದರೆ ಇಡೀ ಕನ್ನಡ ಕರಾವಳಿ, ಆ ನಡುವಿನಲ್ಲೇ ಬರುತ್ತದೆ. ಮಂಗಳೂರು ಆಗಲೇ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. 1907ರಿಂದ ರೈಲು ಇತ್ತು, ಬಂದರಿತ್ತು, ಹೆಂಚಿನ ಕಾರ್ಖಾನೆಗಳಿದ್ದವು, ಘಟ್ಟದ ಮೇಲಿನ ಕಾಫಿ ಇಲ್ಲಿಗೇ ಇಳಿದು ಹಡಗೇರುತ್ತಿತ್ತು. ವಿಮಾನ ಮಾತ್ರ ಇಲ್ಲಿ ನಿಲ್ಲಲಿಲ್ಲ. ಕಣ್ಣೂರಿನಲ್ಲಿ ದಂಡಿನ ಮೈದಾನವಿತ್ತು. ಮಂಗಳೂರಿನಲ್ಲಿ ಇದ್ದದ್ದು ಗುಡ್ಡ, ಕಣಿವೆ, ಹೊಳೆ ಮತ್ತು ತೆಂಗಿನ ತೋಟ.

ಆ ದಿನಗಳಲ್ಲಿ ಒಂಟಿ ಎಂಜಿನ್ನಿನ ವಿಮಾನ ನಡೆಸುವವನ ಕಣ್ಣು ಸದಾ ಎರಡು ಕೆಲಸ ಮಾಡುತ್ತಿತ್ತು. ಒಂದು, ದಾರಿ ನೋಡುವುದು. ಇನ್ನೊಂದು, ಎಂಜಿನ್ ಈ ಕ್ಷಣ ಕೈಕೊಟ್ಟರೆ ಎಲ್ಲಿ ಇಳಿಯುವುದೆಂದು ಹುಡುಕುವುದು. ಗೋವಾ ದಾಟಿದ ಮೇಲೆ ವಿನ್ಸೆಂಟರ ಕಣ್ಣಿಗೆ ಆ ಎರಡನೆಯ ಕೆಲಸಕ್ಕೆ ಒದಗಬಹುದಾಗಿದ್ದದ್ದು ಮರಳಿನ ದಡ ಒಂದೇ. ಅದರಲ್ಲೂ ನೀರು ಈಗಷ್ಟೇ ಹಿಂದೆ ಸರಿದ, ಒದ್ದೆಯಾಗಿ ಗಟ್ಟಿಯಾದ ಪಟ್ಟಿ ಮಾತ್ರ. ಒಣ ಮರಳು ಚಕ್ರವನ್ನು ಹಿಡಿದಿಟ್ಟು ವಿಮಾನವನ್ನು ಮೂಗಿನ ಮೇಲೆ ಬೀಳಿಸುತ್ತದೆ. ಮಳೆಗಾಲ ಕಳೆದ ಆ ತಿಂಗಳುಗಳಲ್ಲಿ ದಡದ ತುಂಬ ರಂಪಣಿ ಬಲೆ, ದೋಣಿ, ಬಲೆ ಎಳೆಯುವ ನೂರಾರು ಜನ. ಪುಣ್ಯಕ್ಕೆ ಎಂಜಿನ್ ಕೈಬಿಡಲಿಲ್ಲ. ವಿಮಾನ ತಿರುವನಂತಪುರ ಮುಟ್ಟಿತು.

ಮಂಗಳೂರಿನ ವಿಮಾನದ ಕಥೆ ಬರೆಯುವವರು ಸಾಮಾನ್ಯವಾಗಿ 1951ರಿಂದ ಶುರು ಮಾಡುತ್ತಾರೆ. ಆದರೆ ಈ ಊರಿನ ಮೇಲೆ ಹಾದು ಇಲ್ಲಿ ಇಳಿಯದೆ ಹೋದ ಆ ದಾರಿಯಿಂದ ಶುರು ಮಾಡುವುದೇ ನ್ಯಾಯ. ಏಕೆಂದರೆ ಅಂದಿನಿಂದ ಇಂದಿನವರೆಗೆ ಮಂಗಳೂರಿನ ವಿಮಾನಯಾನದ ಚರಿತ್ರೆಯೆಂದರೆ ಸಮತಟ್ಟಾದ ನೆಲಕ್ಕಾಗಿ ನಡೆದ ಹುಡುಕಾಟದ ಚರಿತ್ರೆ. ಎಂಜಿನ್ ಓಡುತ್ತಿರುವಷ್ಟು ಹೊತ್ತು ನೆಲದ ಬೆಲೆ ಯಾರಿಗೂ ಕಾಣುವುದಿಲ್ಲ.

ಮೊದಮೊದಲ ಹಾರಾಟಗಾರರಿಗೆ ಎಂಜಿನ್ ನಿಲ್ಲುವುದು ಅಪರೂಪದ ಘಟನೆಯಾಗಿರಲಿಲ್ಲ. 1909ರ ಜುಲೈ 25ರಂದು ಲೂಯಿ ಬ್ಲೆರಿಯೋ ಇಂಗ್ಲಿಷ್ ಕಡಲ್ಗಾಲುವೆ ದಾಟಿದಾಗ ಅವನ ಬಳಿ ಇದ್ದದ್ದು 25 ಅಶ್ವಶಕ್ತಿಯ ಆನ್ಜಾನಿ ಎಂಜಿನ್. ಗಾಳಿಯಿಂದಲೇ ತಣಿಯಬೇಕಾದ ಅದು ಬೇಗ ಕಾಯುತ್ತಿತ್ತು. ನಡುದಾರಿಯಲ್ಲಿ ಸುರಿದ ಮಳೆ ಅದನ್ನು ತಂಪು ಮಾಡಿ ದಡ ಮುಟ್ಟಿಸಿತೆಂಬ ಮಾತು ಹಾರಾಟದ ಚರಿತ್ರೆಯಲ್ಲಿ ಪ್ರಸಿದ್ಧ. ಅಲ್ಲಿಂದ ಇಪ್ಪತ್ತಮೂರು ವರ್ಷಕ್ಕೆ, 1932ರ ಅಕ್ಟೋಬರ್ 15ರಂದು, ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಬೊಂಬಾಯಿಗೆ ಅಂಚೆ ತಂದರು. ಅದೂ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನ. ರೇಡಿಯೋ ಇರಲಿಲ್ಲ. ಅಲ್ಲಿಂದ ಅಂಚೆಯನ್ನು ಮುಂದಕ್ಕೆ, ಮದರಾಸಿಗೆ ಒಯ್ದವರು ಇದೇ ವಿನ್ಸೆಂಟ್. ಅವರ ನಡುನಿಲುಗಡೆ ನಮ್ಮ ಬಳ್ಳಾರಿ.

ಬಳ್ಳಾರಿಯನ್ನು ಆರಿಸಿಕೊಂಡದ್ದರಲ್ಲಿ ಒಂದು ಅರ್ಥವಿದೆ. ಬೊಂಬಾಯಿಗೂ ಮದರಾಸಿಗೂ ಹೆಚ್ಚುಕಡಿಮೆ ನಡುವೆ ಇದೆ ಎಂಬುದು ಒಂದು ಕಾರಣ. ಅದರ ಜೊತೆಗೆ, ಆ ದಾರಿಯ ಬಹುಪಾಲು ನೆಲ ಬಯಲುಸೀಮೆ. ಎರೆಮಣ್ಣಿನ ಹೊಲ ದಿಗಂತದವರೆಗೆ ಚಾಪೆ ಹಾಸಿದಂತೆ ಬಿದ್ದಿರುತ್ತದೆ. ಎಂಜಿನ್ ಕೆಮ್ಮಿದರೆ ಯಾವುದಾದರೂ ಹೊಲಕ್ಕೆ ಇಳಿಸಿ, ಕೆಟ್ಟದ್ದನ್ನು ಸರಿಮಾಡಿ, ಊರವರ ಸಹಾಯದಿಂದ ವಿಮಾನವನ್ನು ತಿರುಗಿಸಿ ಮತ್ತೆ ಏರಬಹುದು. ಬೊಂಬಾಯಿಯ ಜುಹುವಿನಲ್ಲಿ ಟಾಟಾ ವಿಮಾನಗಳಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿನ ಕೆಸರುಬಯಲು ಮಳೆಗಾಲದಲ್ಲಿ ನೀರಿನಡಿ ಹೋಗುತ್ತಿದ್ದುದರಿಂದ ಕೆಲಸವನ್ನೆಲ್ಲ ಪುಣೆಗೆ ಸಾಗಿಸಬೇಕಾಗುತ್ತಿತ್ತು.

ಈಗ ಮಂಗಳೂರಿನ ನೆಲವನ್ನು ಮೇಲಿನಿಂದ ನೋಡೋಣ.

ತುಳುನಾಡಿನ ರೈತ ಗದ್ದೆಯನ್ನು ನೀರಿನ ಲೆಕ್ಕದಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕಣಿವೆಯ ತಳದಲ್ಲಿ, ತೋಡು ಹೊಳೆಗಳ ಪಕ್ಕದಲ್ಲಿ, ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗೂ ನೀರುಣ್ಣುವುದು ಬೈಲು. ಅದಕ್ಕಿಂತ ಒಂದು ಹಂತ ಮೇಲೆ, ಎರಡು ಬೆಳೆಗೆ ಒದಗುವುದು ಮಜಲು. ಗುಡ್ಡದ ಬದಿಯಲ್ಲಿ, ಮಳೆಯನ್ನೇ ನಂಬಿಕೊಂಡು ಒಂದು ಬೆಳೆ ಕೊಡುವುದು ಬೆಟ್ಟು. ಈ ಮೂರೂ ಸೇರಿ ಕಣಿವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿವೆ. ಮೆಟ್ಟಿಲಿಗೊಂದು ಹುಣಿ, ಅಂದರೆ ಬದು. ಗದ್ದೆಗಳು ಸಣ್ಣವು, ಅಂಚು ವಕ್ರ, ಸುತ್ತ ತೆಂಗು ಕಂಗು. ನೋಡಲು ಇಷ್ಟು ಚೆಂದದ ನೆಲ ಇನ್ನೊಂದಿಲ್ಲ. ಚಕ್ರ ಊರಲು ಇಷ್ಟು ಕಠಿಣವಾದ ನೆಲವೂ ಕಡಿಮೆ. ಎಪ್ಪತ್ತು ಮೀಟರಿನ ಗದ್ದೆಯ ತುದಿಯ ಹುಣಿಗೆ ಮುಂಚಕ್ರ ಬಡಿದರೆ ವಿಮಾನ ಪಲ್ಟಿ ಹೊಡೆಯುತ್ತದೆ.

ಇವೆಲ್ಲಕ್ಕಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ, ಮುರಕಲ್ಲಿನ ಹಾಸು. ಮರ ಹೆಚ್ಚು ಬೆಳೆಯದ, ಮಳೆಗಾಲದಲ್ಲಿ ಮಾತ್ರ ಹುಲ್ಲು ಹೊದ್ದು ಬೇಸಿಗೆಯಲ್ಲಿ ಕೆಂಪಾಗಿ ಕಾಯುವ ಬಯಲು. ಅದಕ್ಕೆ ಇಲ್ಲಿಯವರ ಹೆಸರು ಪದವು. ಪದವಿನಂಗಡಿ ಎಂಬ ಊರ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ದನ ಮೇಯಿಸುವುದಕ್ಕೆ, ಕಲ್ಲು ಕಡಿಯುವುದಕ್ಕೆ ಬಿಟ್ಟರೆ ಯಾರಿಗೂ ಹೆಚ್ಚು ಉಪಯೋಗಕ್ಕಿಲ್ಲದ ಆ ನೆಲವೇ ಕೊನೆಗೆ ವಿಮಾನಕ್ಕೆ ಬೇಕಾಯಿತು.

ಪದವನ್ನು ವಿಮಾನ ನಿಲ್ದಾಣವಾಗಿಸಿದ ಶ್ರೇಯಸ್ಸು ಉಳ್ಳಾಲ ಶ್ರೀನಿವಾಸ ಮಲ್ಯರಿಗೆ ಸಲ್ಲಬೇಕು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು, ಬಜ್ಪೆಯ ನಿಲ್ದಾಣ, ಈ ಮೂರರ ಹಿಂದೆಯೂ ಆ ಸಂಸದರ ಓಡಾಟವಿದೆ. ಜಿಲ್ಲೆ ಆಗ ಮದರಾಸು ರಾಜ್ಯದಲ್ಲಿತ್ತು, ಮಂಗಳೂರು ಆ ರಾಜ್ಯದ ಒಂದು ಮೂಲೆ. ಆ ಮೂಲೆಯಿಂದ ದೆಹಲಿಯ ಗಮನ ಸೆಳೆಯುವುದು ಸುಲಭದ ಕೆಲಸವಲ್ಲ. ಪೇಟೆಯಿಂದ ಈಶಾನ್ಯಕ್ಕೆ, ಫಲ್ಗುಣಿ ಹೊಳೆಯಾಚೆ, ಬಜ್ಪೆ ಕೆಂಜಾರುಗಳ ನಡುವಿನ ಗುಡ್ಡದ ನೆತ್ತಿಯನ್ನು ಸವರಿ ಸಮಮಾಡಿದರು. ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿ 1,615 ಮೀಟರ್ ಉದ್ದದ ರನ್‌ವೇ ಸಿದ್ಧವಾಯಿತು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಅಲ್ಲಿ ಇಳಿದರು.

ಡಕೋಟಾ ಎಂಬ ಹೆಸರಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಡಗ್ಲಸ್ ಕಂಪನಿಯ ಆ ವಿಮಾನಕ್ಕೆ ಎರಡು ಎಂಜಿನ್, ಒಂದೊಂದೂ ಸುಮಾರು 1,200 ಅಶ್ವಶಕ್ತಿ. ಒಂದು ನಿಂತರೂ ಇನ್ನೊಂದು ಹೊತ್ತು ಸಾಗಿಸುತ್ತದೆ. ವಿನ್ಸೆಂಟರ ಕಾಲದಲ್ಲಿ ಎಂಜಿನ್ ನಿಂತರೆ ಎಲ್ಲಿ ಇಳಿಯುವುದು ಎಂಬ ಪ್ರಶ್ನೆಯಿತ್ತು. ಡಕೋಟಾ ಬಂದ ಮೇಲೆ ಆ ಪ್ರಶ್ನೆ ಊರಿನಿಂದ ಊರಿಗೆ ಜನರನ್ನು ಒಯ್ಯುವ ವಿಮಾನಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಅದು ಉಳಿದುಕೊಂಡದ್ದು ಸಣ್ಣ ವಿಮಾನಗಳಲ್ಲಿ: ಕಲಿಯುವವರ, ಹವ್ಯಾಸಿಗಳ, ಬಾಡಿಗೆಗೆ ಹಾರುವವರ ಒಂಟಿ ಎಂಜಿನ್ನಿನ ವಿಮಾನಗಳಲ್ಲಿ. ಕಾಕತಾಳೀಯವೆಂಬಂತೆ ಅದೇ 1951ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟಿನಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಮೊದಲ ಸಲ ಹಾರಿತು. 1958ರ ಸೆಪ್ಟೆಂಬರಿನಲ್ಲಿ ಅದರ ಹಿಂದೆಯೇ ಬಂದ ಪುಷ್ಪಕ್ 90 ಅಶ್ವಶಕ್ತಿಯ, ಇಬ್ಬರು ಕೂರುವ ಹಗುರ ವಿಮಾನ. ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಅದೆಷ್ಟೋ ಜನ ಮೊದಲ ಸಲ ನೆಲ ಬಿಟ್ಟದ್ದು ಅದರಲ್ಲಿ.

ಎಂಜಿನ್ ಏಕೆ ನಿಲ್ಲುತ್ತದೆ? ಲೋಹ ಮುರಿಯುವುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಟ್ಯಾಂಕಿನಲ್ಲಿ ಇಂಧನ ಮುಗಿದಿರುತ್ತದೆ. ಅಥವಾ ಒಂದು ಟ್ಯಾಂಕು ಬರಿದಾಗಿ ಇನ್ನೊಂದು ತುಂಬಿದ್ದರೂ ನಡುವಿನ ಕೀಲಿ ತಿರುಗಿಸಿರುವುದಿಲ್ಲ. ಅಥವಾ ಇಂಧನದಲ್ಲಿ ನೀರು ಸೇರಿರುತ್ತದೆ. ಈ ಮೂರನೆಯದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮೈಯೂ ಬೆವರುವ ಊರು ಇದು. ಅರ್ಧ ತುಂಬಿದ ಟ್ಯಾಂಕಿನ ಒಳಮೈಗೆ ರಾತ್ರಿಯ ತಂಪಿನಲ್ಲಿ ಹನಿ ಕಟ್ಟಿ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದೂ ತಳದ್ದೇ. ಅದಕ್ಕೇ ಹಾರುವ ಮುನ್ನ ಪೈಲಟ್ ಪ್ರತಿ ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಇಂಧನ ಬಸಿದು ಬೆಳಕಿಗೆ ಹಿಡಿದು ನೋಡುತ್ತಾನೆ.

ಇನ್ನೊಂದು ಕಾರಣ ಕೇಳಿದರೆ ನಂಬುವುದು ಕಷ್ಟ: ಮಂಗಳೂರಿನಂಥ ಸೆಕೆಯ ಊರಿನಲ್ಲೂ ಎಂಜಿನ್ನಿನೊಳಗೆ ಮಂಜುಗಡ್ಡೆ ಕಟ್ಟಬಲ್ಲದು. ಹಳೆಯ ಮಾದರಿಯ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಗಾಳಿ ಇಕ್ಕಟ್ಟಾದ ಕೊರಳಿನ ಮೂಲಕ ನುಗ್ಗುತ್ತದೆ, ಅದೇ ಜಾಗದಲ್ಲಿ ಪೆಟ್ರೋಲು ಆವಿಯಾಗುತ್ತದೆ. ಎರಡೂ ಸೇರಿ ಗಾಳಿಯನ್ನು ತಣಿಸುತ್ತವೆ. ಮಡಕೆಯ ನೀರು ತಂಪಾಗುವುದೂ ಹೀಗೆ ಆವಿಯಾಗುವುದರಿಂದಲೇ. ಹೊರಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೂ ಕೊರಳಿನೊಳಗೆ ಸೊನ್ನೆಗಿಂತ ಕೆಳಗಿಳಿಯಬಹುದು. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಹಿಮ ಹೆಚ್ಚು ಕಟ್ಟುತ್ತದೆ. ಎಂಜಿನ್ನನ್ನು ಮೆಲ್ಲಗೆ ಓಡಿಸುತ್ತ ಕೆಳಗಿಳಿಯುವಾಗ, ಅಂದರೆ ನಿಲ್ದಾಣ ಹತ್ತಿರವಾಗುವಾಗ, ಈ ಅಪಾಯ ಅತಿ ಹೆಚ್ಚು. ಕೊರಳು ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ನೆಲಕ್ಕೆ ಬಂದು ಬಿಚ್ಚಿ ನೋಡುವಷ್ಟರಲ್ಲಿ ಹಿಮ ಕರಗಿ, ಸಾಕ್ಷಿಯೇ ಉಳಿದಿರುವುದಿಲ್ಲ. ಇದಕ್ಕೆ ಮದ್ದು ಬಿಸಿಗಾಳಿಯ ಒಂದು ಸನ್ನೆಕೋಲು. ಎಂಜಿನ್ ನಡುಗಲು ಶುರುವಾದೊಡನೆ ಅದನ್ನು ಎಳೆಯಬೇಕೆಂದು ಕಲಿಯುವವರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುತ್ತಾರೆ.

ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ತೇಲುವಂತೆ ಅದೂ ಜಾರುತ್ತ ಇಳಿಯುತ್ತದೆ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ಒಂದಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತಡಿ ಮುಂದೆ ಹೋಗುತ್ತದೆ. ನೆಲದಿಂದ ಸಾವಿರ ಅಡಿ ಮೇಲಿದ್ದರೆ ಕೈಗೆ ಸಿಗುವುದು ಎರಡೂಮುಕ್ಕಾಲು ಕಿಲೋಮೀಟರ್ ದೂರ ಮತ್ತು ಹೆಚ್ಚೆಂದರೆ ಒಂದೂವರೆ ನಿಮಿಷ. ಮೊದಲು ಮೂಗು ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. ಆಮೇಲೆ ಜಾಗ ಆರಿಸಬೇಕು. ಸಮಯ ಉಳಿದರೆ ಎಂಜಿನ್ನನ್ನು ಮತ್ತೆ ಹಚ್ಚಲು ನೋಡಬೇಕು: ಟ್ಯಾಂಕು ಬದಲಿಸು, ಬಿಸಿಗಾಳಿ ಕೊಡು, ಕಿಡಿ ಕೊಡುವ ಮ್ಯಾಗ್ನೆಟೋ ಪರೀಕ್ಷಿಸು. ರೇಡಿಯೋದಲ್ಲಿ ಕೂಗುವುದು ಅದರ ನಂತರ. ನೆಲ ಮುಟ್ಟುವ ಮುನ್ನ ಬಾಗಿಲ ಚಿಲಕ ತೆಗೆಯುವುದು, ಇಂಧನ ನಿಲ್ಲಿಸುವುದು. ವೇಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಏಕೆಂದರೆ ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಆದರೆ ತೀರಾ ಕಡಿಮೆಯಾದರೆ ರೆಕ್ಕೆ ಗಾಳಿಯನ್ನು ಬಿಟ್ಟುಬಿಡುತ್ತದೆ. ಆಗ ವಿಮಾನ ನಿಜಕ್ಕೂ ಕಲ್ಲಿನಂತೆ ಬೀಳುತ್ತದೆ.

ಅತ್ಯಂತ ಕೆಟ್ಟ ಗಳಿಗೆ, ಏರಿದ ಮೊದಲ ಅರ್ಧ ನಿಮಿಷ. ಎತ್ತರವೂ ಇಲ್ಲ, ವೇಗವೂ ಇಲ್ಲ. ಬೆನ್ನ ಹಿಂದೆ ರನ್‌ವೇ ಇದೆ, ಮನಸ್ಸು ಅತ್ತಲೇ ಎಳೆಯುತ್ತದೆ. ಹಿಂದಿರುಗಲು ಹೋಗಿ, ತಿರುವಿನಲ್ಲಿ ವೇಗ ಕಳೆದುಕೊಂಡು ಬಿದ್ದವರ ಸಂಖ್ಯೆ ಲೋಕದಲ್ಲೆಲ್ಲ ದೊಡ್ಡದು. ಆದ್ದರಿಂದ ಎಲ್ಲ ಹಾರಾಟ ಶಾಲೆಗಳಲ್ಲೂ ಒಂದೇ ಮಾತು: ಹಿಂದಿರುಗಬೇಡ, ನೇರ ಮುಂದಕ್ಕೆ ಇಳಿ, ಆಚೀಚೆ ಸ್ವಲ್ಪ ಮಾತ್ರ ವಾಲು.

ನೇರ ಮುಂದಕ್ಕೆ ನೆಲವಿರಬೇಕಷ್ಟೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ಶಾಲೆ ಶುರುವಾದ 1940ರ ದಶಕದ ಕೊನೆಯಲ್ಲಿ ಸುತ್ತೆಲ್ಲ ರಾಗಿಯ ಹೊಲ, ಕೆರೆ. ಅಲ್ಲಿ ಕಲಿಯುವ ಹುಡುಗನಿಗೆ ಯಾವ ದಿಕ್ಕಿನಲ್ಲಿ ಎಂಜಿನ್ ನಿಂತರೂ ಇಳಿಯಲು ಒಂದು ಹೊಲವಿತ್ತು. ಬೆಂಗಳೂರು ಬೆಳೆದಂತೆ ಆ ಹೊಲಗಳು ಬಡಾವಣೆಗಳಾದವು. 2004ರ ಏಪ್ರಿಲ್ 17ರ ಬೆಳಿಗ್ಗೆ ಅಲ್ಲಿಂದ ಸೆಸ್ನಾ 180 ಒಂದು ಕರೀಂನಗರಕ್ಕೆ ಹೊರಟಿತು. ಒಳಗೆ ನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್, ಪಕ್ಷದ ಕಾರ್ಯಕರ್ತರೊಬ್ಬರು ಮತ್ತು ಪೈಲಟ್. ಅದು ಚುನಾವಣೆಯ ಪ್ರಚಾರದ ಪ್ರಯಾಣ. ಏರಿದ ಕೆಲವೇ ನಿಮಿಷಕ್ಕೆ ವಿಮಾನ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಉರಿದುಹೋಯಿತು. ನಾಲ್ವರೂ ತೀರಿಕೊಂಡರು. ‘ದ್ವೀಪ’ ಚಿತ್ರವನ್ನು ನಿರ್ಮಿಸಿ, ಅದರಲ್ಲಿ ನಾಗಿಯಾಗಿ ನಟಿಸಿ, ರಾಷ್ಟ್ರದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ತಂದಿದ್ದ ಹೆಣ್ಣುಮಗಳು. ಕನ್ನಡದ ಮನೆಮನೆಯಲ್ಲಿ ಆ ದಿನ ಸಣ್ಣ ವಿಮಾನ ಎಂಬ ಮಾತಿಗೇ ಒಂದು ಭಯ ಅಂಟಿಕೊಂಡಿತು.

ಎಂಜಿನ್ ಬೇಕೆಂದೇ ನಿಲ್ಲಿಸಿ ಪರೀಕ್ಷಿಸುವವರೂ ಇದ್ದಾರೆ. 2009ರ ಮಾರ್ಚ್ 6ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಸರಸ್’ ವಿಮಾನದ ಎರಡನೆಯ ಮಾದರಿ ಪರೀಕ್ಷಾ ಹಾರಾಟದಲ್ಲಿತ್ತು. ಎರಡರಲ್ಲಿ ಒಂದು ಎಂಜಿನ್ನನ್ನು ಆಕಾಶದಲ್ಲೇ ಆರಿಸಿ ಮತ್ತೆ ಹೊತ್ತಿಸುವುದು ಅಂದಿನ ಪಾಠ. ವಿಮಾನ ಹತೋಟಿ ತಪ್ಪಿ ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕೊಟ್ಟರು. ಎಂಜಿನ್ನನ್ನು ಮತ್ತೆ ಹೊತ್ತಿಸಲು ರೂಪಿಸಿದ್ದ ವಿಧಾನವೇ ಸರಿಯಿರಲಿಲ್ಲ, ಎತ್ತರವೂ ಸಾಕಾಗಲಿಲ್ಲ ಎಂದಿತು ತನಿಖೆ. ಬೇರೆಯವರು ನಿಶ್ಚಿಂತೆಯಿಂದ ಹಾರಲೆಂದು ಈ ಕೆಲಸ ಮಾಡುವವರ ಹೆಸರು ಜನರ ನೆನಪಿನಲ್ಲಿ ಉಳಿಯುವುದಿಲ್ಲವೆಂಬುದು ನೋವಿನ ಸಂಗತಿ.

ಗದ್ದೆ ಕಾಪಾಡಿದ ಉದಾಹರಣೆಯೂ ದಕ್ಷಿಣದಲ್ಲೇ ಇದೆ. 1993ರ ನವೆಂಬರ್ 15ರಂದು ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ300 ಮದರಾಸಿನಿಂದ ಹೈದರಾಬಾದಿಗೆ ಹೋಗಿ, ಅಲ್ಲಿ ಕಣ್ಣಿಗೆ ರನ್‌ವೇ ಕಾಣದೆ ಹಿಂದಿರುಗಿತು. ರೆಕ್ಕೆಯ ಫ್ಲ್ಯಾಪು ಒಳಗೆ ಸರಿಯದೆ ಚಾಚಿಕೊಂಡೇ ಉಳಿದು ಇಂಧನ ಬೇಗ ಬೇಗ ಖರ್ಚಾಯಿತು. ತಿರುಪತಿಯತ್ತ ತಿರುಗಿಸಿದರೂ ಅಲ್ಲಿಗೆ ಮುಟ್ಟುವ ಮೊದಲೇ ಟ್ಯಾಂಕು ಬರಿದಾಗಿ ಆ ಭಾರೀ ವಿಮಾನ ಭತ್ತದ ಗದ್ದೆಗೆ ಇಳಿಯಿತು. ಒಳಗಿದ್ದ 262 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಹದಿನೈದು ವರ್ಷ ಕಳೆದು ನ್ಯೂಯಾರ್ಕಿನ ಹಡ್ಸನ್ ಹೊಳೆಯ ಮೇಲೆ 155 ಜನರನ್ನು ಇಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಜಗತ್ತಿಗೆಲ್ಲ ಗೊತ್ತು. ತಿರುಪತಿಯ ಗದ್ದೆ ನಮ್ಮವರಿಗೇ ಮರೆತುಹೋಗಿದೆ. ಆ ವಿಸ್ತಾರದ ಸಮಗದ್ದೆ ಬಜ್ಪೆಯ ಸುತ್ತ ಎಲ್ಲೂ ಇಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಒಬ್ಬರಿಗೆ ಒಂಟಿ ಎಂಜಿನ್ನಿನ ಪ್ರಶ್ನೆ ದೇಶದ ಮಟ್ಟದಲ್ಲಿ ಎದುರಾಯಿತು. ಮಿಗ್-21 ಯುದ್ಧವಿಮಾನಗಳು ಮೇಲಿಂದ ಮೇಲೆ ಬಿದ್ದು, ಪತ್ರಿಕೆಗಳು ಅದನ್ನು ಹಾರುವ ಶವಪೆಟ್ಟಿಗೆಯೆಂದು ಕರೆಯುತ್ತಿದ್ದ ಕಾಲ. ಆಗ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್. 2003ರ ಆಗಸ್ಟ್ 1ರಂದು, ತಮ್ಮ 73ನೇ ವಯಸ್ಸಿನಲ್ಲಿ, ಅವರು ಅಂಬಾಲಾದಲ್ಲಿ ಮಿಗ್-21ರ ಹಿಂದಿನ ಆಸನದಲ್ಲಿ ಕೂತು ಹಾರಿದರು. ಒಬ್ಬ ಸಚಿವ ಹಾರಿದ ಮಾತ್ರಕ್ಕೆ ಎಂಜಿನ್ ಸುಧಾರಿಸುವುದಿಲ್ಲ. ಆದರೂ ತಾನು ಕೂರದ ಆಸನದಲ್ಲಿ ಬೇರೆಯವರ ಮಕ್ಕಳನ್ನು ಕೂರಿಸುವುದಿಲ್ಲ ಎಂಬ ಆ ನಡೆಯಲ್ಲಿ ಗೌರವಕ್ಕೆ ಅರ್ಹವಾದದ್ದು ಇದೆ. ಮಿಗ್-21 ವಾಯುಪಡೆಯಿಂದ ಪೂರ್ತಿಯಾಗಿ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು.

ಇತ್ತ ಬಜ್ಪೆಯ ಪದವು ತನ್ನ ಅಂಚನ್ನು ಮೊದಲ ಸಲ ತೋರಿಸಿದ್ದು 1981ರ ಆಗಸ್ಟ್ 19ರಂದು. ಮಳೆಯಲ್ಲಿ ತೊಯ್ದ ರನ್‌ವೇ ಮೇಲೆ ಇಳಿದ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನ ನಿಲ್ಲದೆ ತುದಿ ದಾಟಿ, ಅಂಚಿನಾಚೆ ಸ್ವಲ್ಪದರಲ್ಲೇ ನಿಂತಿತು. ಯಾರ ಪ್ರಾಣವೂ ಹೋಗಲಿಲ್ಲ. ಪ್ರಯಾಣಿಕರಲ್ಲಿ ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯ್ಲಿಯವರೂ ಇದ್ದರು. ಆವ್ರೋ ಮಾತ್ರ ಮತ್ತೆಂದೂ ಹಾರಲಿಲ್ಲ.

ದೊಡ್ಡ ವಿಮಾನಗಳಿಗಾಗಿ 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು, ಅದೇ ಅಕ್ಟೋಬರಿನಲ್ಲಿ ದುಬೈಗೆ ವಿಮಾನ ಶುರುವಾಯಿತು. ಹಿಂದೆ ಬೊಂಬಾಯಿಗೆ ಹೋಗಿ ವಿಮಾನ ಹಿಡಿಯುತ್ತಿದ್ದ ಗಲ್ಫಿನ ದುಡಿಮೆಗಾರರು ಈಗ ನೇರ ಮನೆಯಂಗಳಕ್ಕೆ ಇಳಿದಂತೆ ಇಳಿಯತೊಡಗಿದರು. 2010ರ ಮೇ 22ರ ಬೆಳಿಗ್ಗೆ ಆರರ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಅತಿ ಎತ್ತರದಲ್ಲಿ, ಅತಿ ವೇಗದಲ್ಲಿ ಬಂದು, 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಇಳಿಯುವುದು ಬೇಡ, ಮತ್ತೆ ಏರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದನ್ನು ಏರ್ ಮಾರ್ಷಲ್ ಗೋಖಲೆಯವರ ತನಿಖಾ ನ್ಯಾಯಾಲಯ ದಾಖಲಿಸಿದೆ. 166 ಜನರಲ್ಲಿ 158 ಜನ ಹೋದರು. ಉಳಿದವರು ಎಂಟು. ಎರಡು ಎಂಜಿನ್ನೂ ಸರಿಯಾಗಿಯೇ ಓಡುತ್ತಿದ್ದವು. ಕೊನೆಯ ಕ್ಷಣಗಳಲ್ಲಿ ಪೂರ್ತಿ ಶಕ್ತಿ ಕೊಟ್ಟು ಏರಲೂ ನೋಡಿದರು. ಸಾಲದೆ ಹೋದದ್ದು ನೆಲ. ಗುರುತು ಸಿಗದ ಹನ್ನೆರಡು ದೇಹಗಳನ್ನು ಕೂಳೂರಿನ ಬಳಿ, ಫಲ್ಗುಣಿಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು.

ಬಯಲುಸೀಮೆಯ ನೆಲ ಈಗಲೂ ಅಷ್ಟಿಷ್ಟು ಉದಾರಿ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಏರಿದ ಇಬ್ಬರು ಕೂತಿದ್ದ ತರಬೇತಿ ವಿಮಾನವೊಂದಕ್ಕೆ ತೊಂದರೆ ಕಾಣಿಸಿಕೊಂಡು ಹೊನ್ನಿಹಾಳದ ಬಳಿಯ ಹೊಲಕ್ಕೆ ಇಳಿಯಿತು. ಕಲಿಸುವವರು, ಕಲಿಯುವವರು ಇಬ್ಬರೂ ಸಣ್ಣಪುಟ್ಟ ಗಾಯದೊಂದಿಗೆ ಹೊರಬಂದರು. ಎರಡೇ ದಿನಕ್ಕೆ, ಜೂನ್ 1ರಂದು, ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಅದರ ಇಬ್ಬರು ಪೈಲಟುಗಳು ಆಸನಸಮೇತ ಚಿಮ್ಮಿ, ಧುಮುಕುಕೊಡೆಯಲ್ಲಿ ಇಳಿದು ಉಳಿದರು. ಸೈನ್ಯದವರಿಗಿರುವ ಆ ಚಿಮ್ಮುವ ಆಸನ ಖಾಸಗಿ ಸಣ್ಣ ವಿಮಾನದಲ್ಲಿ ಇರುವುದಿಲ್ಲ. ಅದಕ್ಕೆ ಬದಲಾಗಿ ಇಡೀ ವಿಮಾನಕ್ಕೇ ಒಂದು ಕೊಡೆ ಕಟ್ಟುವ ಪದ್ಧತಿ ಬಂದಿದೆ. ಅಮೆರಿಕದ ಸಿರಸ್ ವಿಮಾನಗಳಲ್ಲಿ 1999ರಿಂದ ಅದು ಇದೆ. ಎನ್‌ಸಿಸಿಯ ಕೆಡೆಟ್‌ಗಳಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಕೊಳ್ಳಲು ಒಪ್ಪಿದ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಹಗುರ ವಿಮಾನಗಳಿಗೂ ಅಂಥ ಕೊಡೆಯಿದೆ. ಒಂದಡಿ ಇಳಿಯುವಷ್ಟರಲ್ಲಿ ಸುಮಾರು ಹದಿನೇಳಡಿ ಮುಂದೆ ಜಾರಬಲ್ಲ ರೆಕ್ಕೆಯೂ ಇದೆ.

ಎನ್‌ಸಿಸಿಯ ವಾಯುದಳದ ಘಟಕ ಮಂಗಳೂರಿನಲ್ಲೂ ಇದೆ. ಬಜ್ಪೆಯಂಥ ನಿಲ್ದಾಣದಿಂದ ಒಂಟಿ ಎಂಜಿನ್ನಿನ ವಿಮಾನ ಏರಿಸುವ ಯಾರೇ ಆಗಲಿ, ಹೊರಡುವ ಮುನ್ನ, ಪ್ರೊಪೆಲ್ಲರ್ ತಿರುಗುತ್ತಿರುವಾಗಲೇ, ಒಂದು ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ರನ್‌ವೇ ಉಳಿದಿರುವಾಗ ಎಂಜಿನ್ ನಿಂತರೆ ಅಲ್ಲೇ ನಿಲ್ಲಿಸುವುದು. ಏರಿದ ಮೇಲೆ ನಿಂತರೆ ಮೂಗು ತಗ್ಗಿಸಿ ನೇರ ಮುಂದಕ್ಕೆ. ಬಜ್ಪೆಯಲ್ಲಿ ಆ ‘ನೇರ ಮುಂದಕ್ಕೆ’ ಎಂಬುದರ ಅರ್ಥವನ್ನು ಕಣ್ಣಿನಿಂದಲೇ ಅಳೆದಿಟ್ಟುಕೊಂಡಿರಬೇಕು. ಪದವಿನ ಅಂಚು ದಾಟಿದೊಡನೆ ನೆಲ ಕಾಲಡಿಯಿಂದ ಜಾರಿ ಕೆಳಗೆ ಹೋಗುತ್ತದೆ, ಕೇಳದೆಯೇ ಇನ್ನೂರು ಮುನ್ನೂರು ಅಡಿ ಎತ್ತರ ಸಿಕ್ಕಂತಾಗುತ್ತದೆ. ಆ ಎತ್ತರಕ್ಕೆ ಸಿಗುವ ಸಮಯ ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಸೆಕೆಂಡು. ಕೆಳಗೆ ಕಂಗಿನ ತೋಟ, ಅದರಾಚೆ ಮೆಟ್ಟಿಲು ಗದ್ದೆ, ಅದರಾಚೆ ಮರವೂರಿನ ಅಣೆಕಟ್ಟಿನ ಹಿಂದೆ ತುಂಬಿ ನಿಂತ ಫಲ್ಗುಣಿಯ ನೀರು.